ತಕ್ಕಡಿಯ ಮುಳ್ಳು ಕದಲದಿದ್ದರೆ

ಕಳೆದ ಕಾರ್ತಿಕದಲ್ಲಿ ನಾಗೋಡಿ ಘಟ್ಟವಿಳಿದು, ಕೊಲ್ಲೂರಿನ ಮೇಲೆ ಹಾಯ್ದು, ಉಪ್ಪುಂದದ ಭಕ್ತರೊಬ್ಬರ ಮನೆಗೆ ಪಾದಪೂಜೆಗೆಂದು ಹೋಗಿದ್ದೆವು. ಪೂಜೆ ಮುಗಿದು ಪ್ರಸಾದದ ಪಂಕ್ತಿ ಕುಳಿತಿತು. ಆ ಮನೆಯ ಹಿರಿಯ ಸೊಸೆ ಎಲ್ಲರಿಗೂ ನಗುನಗುತ್ತ ಬಡಿಸಿದಳು. ಕೊನೆಯ ಪಂಕ್ತಿಯೂ ಎದ್ದ ಮೇಲೆ ನೋಡಿದರೆ ಆಕೆ ಅಡುಗೆಮನೆಯ ಮೂಲೆಯಲ್ಲಿ ಒಂದು ಲೋಟ ನಿಂಬೆಹಣ್ಣಿನ ನೀರು ಕುಡಿಯುತ್ತ ನಿಂತಿದ್ದಾಳೆ. "ಯಾಕೆ ತಾಯಿ, ಪ್ರಸಾದ ಸ್ವೀಕರಿಸಲಿಲ್ಲವೇ?" ಎಂದು ಕೇಳಿದೆವು. ಉತ್ತರ ಕೊಟ್ಟವರು ಆಕೆಯ ಅತ್ತೆ. "ಅವಳಿಗೆ ಸಪೂರ ಆಗ್ಬೇಕಂತೆ ಗುರುಗಳೇ. ಮೂರು ವರ್ಷ ಆಯ್ತು, ನೀವೇ ಕಾಣಿ!" ಸುತ್ತಲಿದ್ದವರು ನಕ್ಕರು. ಸೊಸೆಯೂ ನಕ್ಕಳು. ಆದರೆ ಆ ನಗೆಯ ಹಿಂದಿನ ಕಣ್ಣೀರು ಕಾಣದಷ್ಟು ದೃಷ್ಟಿ ನಮಗೆ ಇನ್ನೂ ಮಂದವಾಗಿಲ್ಲ.

ಆಮೇಲೆ ಆಕೆ ಹೇಳಿದ್ದು ಇಷ್ಟು. ಮೊದಲು ಸೋಮವಾರದ ಉಪವಾಸ. ಅದು ಸಾಲದೆಂದು ರಾತ್ರಿಯ ಊಟ ಬಿಟ್ಟಳು. ಕುಚ್ಚಲಕ್ಕಿ ಅನ್ನ ಪೂರ್ತಿ ನಿಲ್ಲಿಸಿದಳು. ಯಾರೋ ಹೇಳಿದರೆಂದು ಡಬ್ಬಿಯಲ್ಲಿ ಬರುವ ಪುಡಿಯನ್ನು ದುಬಾರಿ ಬೆಲೆಗೆ ತರಿಸಿ ಕಲಸಿ ಕುಡಿದಳು. ಆರು ತಿಂಗಳಲ್ಲಿ ಎಂಟು ಕಿಲೋ ಇಳಿಯಿತು. ಮರುವರ್ಷ ಹತ್ತು ಕಿಲೋ ಏರಿತು. ಇದರ ನಡುವೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಹೊಟ್ಟೆಗೆ ಏನೂ ಹಾಕದೆ, ಬಾವಿಕಟ್ಟೆಯ ಬಳಿ ತಲೆಸುತ್ತಿ ಬಿದ್ದದ್ದೂ ಆಯಿತು. "ಎಂತ ಮಾಡ್ರೂ ಇಳಿತಿಲ್ಲ ಗುರುಗಳೇ. ಎಲ್ಲರೂ ನಾನು ಕದ್ದು ತಿಂತೇನೆ ಅಂತಾರೆ" ಎಂದಳು.

ಕದ್ದು ತಿನ್ನುತ್ತಾಳೆ ಎಂಬ ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಮ್ಮ ಕಥೆಯೂ ಬೇರೆಯಲ್ಲ. ಮಠದ ಬಾಳು ಹೊರಗಿನವರು ಎಣಿಸಿದಷ್ಟು ಕಠಿಣವಾದದ್ದೇನೂ ಅಲ್ಲ. ಒಂದು ದಿನ ಮೂರು ಮನೆಗಳ ಪಾದಪೂಜೆಯಾದರೆ ಮೂರು ಕಡೆ ಹೋಳಿಗೆ, ಮೂರು ಕಡೆ ಪಾಯಸ. ಬೇಡವೆಂದರೆ ಭಕ್ತರು ನೊಂದುಕೊಳ್ಳುತ್ತಾರೆ. ಐವತ್ತು ದಾಟುವ ಹೊತ್ತಿಗೆ ನಮ್ಮ ಮೊಣಕಾಲು ನಮ್ಮ ಭಾರಕ್ಕೆ ದೂರು ಹೇಳತೊಡಗಿದವು. ನಾವೂ ಏಕಭುಕ್ತವಿದ್ದು ನೋಡಿದೆವು, ಇಳಿದೆವು, ಮತ್ತೆ ಏರಿದೆವು. ಆದರೆ ನಮ್ಮನ್ನು ಯಾರೂ ಕದ್ದು ತಿನ್ನುವವರು ಎನ್ನಲಿಲ್ಲ. ಸ್ವಾಮಿಗಳ ಮೈ ತುಂಬಿದರೆ ಅದು ತೇಜಸ್ಸು, ಸೊಸೆಯ ಮೈ ತುಂಬಿದರೆ ಅದು ಹೊಟ್ಟೆಬಾಕತನ. ಇದು ಯಾವ ನ್ಯಾಯವೋ ನಮಗೆ ತಿಳಿಯದು.

ವೈದ್ಯರಾದ ಶಿಷ್ಯರೊಬ್ಬರನ್ನು ಕೂರಿಸಿಕೊಂಡು ಈ ವಿಚಾರವನ್ನು ಕೇಳಿ ತಿಳಿದೆವು. ಶರೀರಕ್ಕೆ ನಮ್ಮ ಸಂಕಲ್ಪ ಗೊತ್ತಿಲ್ಲ. ಅನ್ನ ಥಟ್ಟನೆ ಕಡಿಮೆಯಾದರೆ ಬರಗಾಲ ಬಂತೆಂದೇ ಅದು ಬಗೆಯುತ್ತದೆ. ಸೌದೆ ಕಡಿಮೆಯಿದ್ದಾಗ ಜಾಣ ಗೃಹಿಣಿ ಒಲೆಯ ಉರಿ ತಗ್ಗಿಸುವ ಹಾಗೆ ತನ್ನ ಒಳಗಿನ ಖರ್ಚನ್ನು ತಗ್ಗಿಸಿ, ಹಸಿವನ್ನು ಹೆಚ್ಚಿಸುತ್ತದೆ. ೧೯೪೪-೪೫ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ೩೬ ಮಂದಿ ಆರೋಗ್ಯವಂತ ತರುಣರಿಗೆ, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದರು. ತೂಕದ ಕಾಲು ಪಾಲು ಇಳಿಯಿತು, ಜೊತೆಗೆ ಮೈಯ ಬಿಸಿಯೂ ಉತ್ಸಾಹವೂ ಇಳಿದವು. ಹಗಲಿರುಳು ಅವರಿಗೆ ಅನ್ನದ್ದೇ ಧ್ಯಾನ. ಪರೀಕ್ಷೆ ಮುಗಿದ ಮೇಲೆ ಎಷ್ಟು ಉಂಡರೂ ಅನೇಕರಿಗೆ ತೃಪ್ತಿಯಾಗಲಿಲ್ಲ. ಅವರೇನು ಹೊಟ್ಟೆಬಾಕರೇ? ಯುದ್ಧಕ್ಕೆ ಹೋಗಲು ಮನಸ್ಸೊಪ್ಪದೆ, ಲೋಕೋಪಕಾರಕ್ಕಾಗಿ ಹಸಿವನ್ನು ತಾವಾಗಿ ಒಪ್ಪಿಕೊಂಡ ಸಂಯಮಿಗಳು. ೧೯೯೪ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಇದರ ಒಂದು ಗುಟ್ಟನ್ನು ಕಂಡುಹಿಡಿದರು. ಮೈಯ ಕೊಬ್ಬೇ ಲೆಪ್ಟಿನ್ ಎಂಬ ರಸದ ಮೂಲಕ ಮೆದುಳಿಗೆ ಸುದ್ದಿ ಕಳಿಸುತ್ತಿರುತ್ತದಂತೆ. ಕೊಬ್ಬು ಕರಗಿದರೆ ಆ ಸುದ್ದಿ ಕ್ಷೀಣಿಸುತ್ತದೆ, ಮೆದುಳು ಹಸಿವಿನ ಗಂಟೆ ಬಾರಿಸುತ್ತದೆ.

ಥೈರಾಯ್ಡ್ ಕುಂದಿದರೆ, ಸ್ಟೀರಾಯ್ಡ್ ಮೊದಲಾದ ಕೆಲವು ಔಷಧಗಳಿಂದ, ಹೆಂಗಸರ ಮುಟ್ಟಿನ ತೊಂದರೆಗಳ ಜೊತೆಯಲ್ಲಿ ಕೂಡ ತೂಕ ಏರುತ್ತದೆ. ಅದನ್ನು ವೈದ್ಯರೇ ನೋಡಬೇಕು. ೨೦೨೫ರಲ್ಲಿ ನಮ್ಮ ದೇಶಕ್ಕೆ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳೂ ಬಂದಿವೆ. ಪ್ರಯೋಜನ ನಿಜ. ಆದರೆ ಅಂಥ ಒಂದು ಮದ್ದನ್ನು ನಿಲ್ಲಿಸಿದವರಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದು ವರ್ಷದೊಳಗೆ ಮರಳಿತೆಂದು ಪರೀಕ್ಷೆ ನಡೆಸಿದವರೇ ಬರೆದಿದ್ದಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಸಮೀಕ್ಷೆಯೊಂದು ೨೦೨೩ರಲ್ಲಿ ಪ್ರಕಟವಾಯಿತು. ಅದರಂತೆ ನೂರು ಮಂದಿ ವಯಸ್ಕರಲ್ಲಿ ಸುಮಾರು ನಲವತ್ತು ಜನರ ಹೊಟ್ಟೆಯ ಸುತ್ತಳತೆ ಮಿತಿ ಮೀರಿದೆ. ಮಿತಿಯೆಂದರೆ ಗಂಡಸರಿಗೆ ೯೦ ಸೆಂಟಿಮೀಟರು, ಹೆಂಗಸರಿಗೆ ೮೦. ನೂರಕ್ಕೆ ನಲವತ್ತು ಜನ ಒಮ್ಮೆಲೇ ಸಂಯಮಗೆಟ್ಟರೆಂದು ನಂಬುವುದಾದರೂ ಹೇಗೆ? ಉಪ್ಪುಂದದ ಹಿರಿಯರೇ ನೆನಪು ಮಾಡಿಕೊಳ್ಳಲಿ. ಗದ್ದೆಯ ನೆಟ್ಟಿ, ಒನಕೆ, ಬಾವಿಯ ಹಗ್ಗ, ಸಂತೆಗೆ ನಡಿಗೆ, ಹುರುಳಿ ಸಾರು, ಗಂಜಿ. ಈಗ ಬಾವಿಗೆ ಪಂಪು, ಅಂಗಳದಲ್ಲಿ ಸ್ಕೂಟರು. ಊರಿನ ಹುಡುಗರು ಬೆಂಗಳೂರಿನ ಬೇಕರಿ, ಹೋಟೆಲುಗಳಲ್ಲಿ ದುಡಿದು ಬರುವಾಗ ಪ್ರೀತಿಯಿಂದ ತರುವುದೂ ಸಿಹಿಯ ಪೊಟ್ಟಣವನ್ನೇ. ಹಳೆಯ ಕಾಲಕ್ಕೆ ಮರಳಿರೆಂದು ನಾವು ಹೇಳುವುದಿಲ್ಲ. ಆ ಒನಕೆಯ ಕಾಲದಲ್ಲಿ ನಮ್ಮ ತಾಯಂದಿರು ಸುಖವಾಗಿದ್ದರೆಂಬುದು ಒನಕೆ ಹಿಡಿಯದವರ ಮಾತು.

ಆ ತಾಯಿಗೆ ನಾವು ಹೇಳಿದ್ದು ಚೆನ್ನೈಯ ಒಂದು ಸಂಗತಿ. ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ೫೩೧ ಜನರನ್ನು ಮೂರು ವರ್ಷ ಗಮನಿಸಿ ೨೦೦೬ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ವಿಶೇಷ ಸಲಹೆಯಿಲ್ಲ. ಇನ್ನೊಂದಕ್ಕೆ ದಿನಕ್ಕೆ ಅರ್ಧ ಗಂಟೆಯಷ್ಟು ಬಿರುಸಿನ ನಡಿಗೆ, ಸಕ್ಕರೆ-ಮೈದಾ-ಎಣ್ಣೆಯಲ್ಲಿ ಮಿತಿ. ಮೊದಲ ಗುಂಪಿನಲ್ಲಿ ನೂರಕ್ಕೆ ೫೫ ಜನರಿಗೆ ಕಾಯಿಲೆ ಬಂತು, ಎರಡನೆಯದರಲ್ಲಿ ೩೯ ಜನರಿಗೆ. ಸೋಜಿಗವೆಂದರೆ ನಡೆದವರ ತೂಕ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು! ತಕ್ಕಡಿಯ ಮುಳ್ಳು ಕದಲಲಿಲ್ಲ, ಆದರೂ ಕಾಯ ಒಳಗಿನಿಂದ ಹದಗೊಂಡಿತ್ತು. ಇದನ್ನು ಕೇಳಿ ಆಕೆ, "ಹಾಗಾದ್ರೆ ನಾನು ನಡೆದದ್ದು ದಂಡ ಅಲ್ಲ?" ಎಂದು ಎರಡು ಸಲ ಕೇಳಿದಳು.

ಅತ್ತೆಯವರಿಗೂ ಒಂದು ಮಾತು ಹೇಳಿದೆವು. ದೇಹವನ್ನು ದಂಡಿಸುವ ವ್ರತಗಳನ್ನು ಶರಣರು ದೊಡ್ಡದೆಂದು ಎಣಿಸಲಿಲ್ಲ. ಬೇಕಾದಷ್ಟೇ ನೀಡಿಸಿಕೊಂಡು, ಎಲೆಯಲ್ಲಿ ಬಿಡದೆ ಉಣ್ಣುವುದು ಪ್ರಸಾದದ ರೀತಿ. ಸಾಕೆಂದವರ ಎಲೆಗೆ ಮತ್ತೆ ಸುರಿಯುವುದೂ ಉಪಚಾರವಲ್ಲ, ಹಸಿದವಳನ್ನು ನಿಂಬೆನೀರಿನಲ್ಲಿ ನಿಲ್ಲಿಸುವುದೂ ಸಂಯಮವಲ್ಲ. ಮನೆಗೆಲ್ಲ ಒಂದು ಅಡುಗೆ ಮಾಡಿ ಆಕೆಗೊಬ್ಬಳಿಗೆ ಬೇರೆ ಪಥ್ಯವೆಂದರೆ ಅದು ಎಷ್ಟು ದಿನ ನಡೆದೀತು? ಎಣ್ಣೆ, ಸಿಹಿ ತಗ್ಗುವುದಿದ್ದರೆ ಮನೆಯ ಎಲ್ಲರ ಬಟ್ಟಲಲ್ಲೂ ತಗ್ಗಲಿ. ಕಾಳು, ಸೊಪ್ಪು ಹೆಚ್ಚುವುದಿದ್ದರೆ ಮಗನ ಬಟ್ಟಲಲ್ಲೂ ಹೆಚ್ಚಲಿ. ಮಾತ್ರೆ ನುಂಗುವ ದಿನ ಉಪವಾಸ ಬೇಡ, ಮಾಡಲೇಬೇಕೆಂದಿದ್ದರೆ ವೈದ್ಯರನ್ನು ಕೇಳಿಯೇ ಮಾಡಲಿ. ಅತ್ತೆಯವರು ಆಗ ಏನೂ ಹೇಳಲಿಲ್ಲ. ಆದರೆ ಒಳಗೆ ಹೋಗಿ ಒಂದು ಎಲೆ ಹಾಕಿ, "ಬಾ ಮಗಾ, ಕೂಕೋ" ಎಂದು ಕರೆದರು.

ಸಂಕ್ರಾಂತಿಯ ಮಾರನೆಯ ದಿನ ಆ ಮನೆಯಿಂದ ಮಠಕ್ಕೆ ಫೋನು ಬಂದಿತ್ತು. ತೂಕ ಒಂದೂವರೆ ಕಿಲೋ ಇಳಿದಿದೆಯಂತೆ, ಅಷ್ಟೇ. ಸಂಜೆ ದುರ್ಗಾಪರಮೇಶ್ವರಿ ದೇವಸ್ಥಾನದವರೆಗೆ ನಡೆಯುವಾಗ ಅತ್ತೆಯೂ ಜೊತೆಗೆ ಹೊರಡುತ್ತಾರಂತೆ. ಹೆದ್ದಾರಿ ದಾಟಲು ಅವರಿಗೆ ಭಯ, ಒಂದು ಕೈ ಹಿಡಿದುಕೊಂಡೇ ದಾಟಿಸಬೇಕು ಎಂದಳು.