ಮುತ್ತೆತ್ತಿರಾಯನ ಗುಡಿ, ಕಾವೇರಿ ದಡದ ಕಾಡು

ಭಾರತೀನಗರದಿಂದ ಮಳವಳ್ಳಿ ದಾಟಿ ಹಲಗೂರಿಗೆ ಬರುವವರೆಗೂ ಕಣ್ಣಿಗೆ ಬೀಳುವುದು ಹೆಚ್ಚಾಗಿ ಬೇಸಾಯದ ನೆಲವೇ. ಹಲಗೂರಿನ ಆಚೆ ಮುತ್ತತ್ತಿಯ ದಾರಿ ಹಿಡಿದರೆ ಹೊಲಗದ್ದೆ ಮುಗಿದು ಕುರುಚಲು ಗುಡ್ಡಗಳು ಎದುರಾಗುತ್ತವೆ. ದಾರಿ ಇಳಿದು ಕಾವೇರಿಯನ್ನು ಮುಟ್ಟುವಲ್ಲಿ ಆಂಜನೇಯನ ಗುಡಿ, ಸುತ್ತಲೂ ಕಾಡು.

ಹೊಳೆಯಲ್ಲಿ ಮೀಯುವಾಗ ಸೀತೆಯ ಮೂಗುತಿಯ ಮುತ್ತು ನೀರಿಗೆ ಬಿತ್ತೆಂದೂ, ಹನುಮಂತ ಅದನ್ನು ಬಾಲದಿಂದ ಎತ್ತಿಕೊಟ್ಟನೆಂದೂ ಸ್ಥಳಪುರಾಣ. ಮುತ್ತು ಎತ್ತಿದವನು ಮುತ್ತೆತ್ತಿರಾಯನಾದ. ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಿಗೆ ಈತ ಹರಕೆಯ ದೇವರು. ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ ಎಂಬುದೂ ಈ ದೇವರ ಹೆಸರಿನಿಂದಲೇ ಬಂದದ್ದು. ಹರಕೆ ಹೊತ್ತವರು ಮನೆಮಂದಿಯೊಡನೆ ಬಂದು, ಹೊಳೆಯಲ್ಲಿ ಮಿಂದು, ದಡದಲ್ಲೇ ಮೂರು ಕಲ್ಲಿನ ಒಲೆ ಹೂಡಿ, ಉಂಡು ಹೋಗುತ್ತಾರೆ.

ಗುಡಿ ಹೀಗೆ ಕಾಡಿನ ನಡುವೆ ಇದೆ. ಆದರೆ ಈ ಕಾಡು ದೇವರದೇ?

ಕೊಡಗಿನಲ್ಲಿ ಈ ಪ್ರಶ್ನೆಗೆ ಉತ್ತರ ಸ್ಪಷ್ಟವಿತ್ತು. ಅಲ್ಲಿನ ದೇವರಕಾಡುಗಳಲ್ಲಿ ಮರವೇ ದೇವರ ಸೊತ್ತು, ಕೊಡಲಿ ಹಾಕುವಂತಿಲ್ಲ. ಹಲವು ಕಡೆ ಗುಡಿಯೆಂಬುದೂ ಇರಲಿಲ್ಲ. ಬೇಟೆಯ ದೇವರಾದ ಅಯ್ಯಪ್ಪನಿಗೆ ಮರದ ಬುಡದಲ್ಲಿ ಮಣ್ಣಿನ ನಾಯಿಗಳನ್ನು ಒಪ್ಪಿಸಿದರೆ ಹರಕೆ ಸಂದಂತೆ. ಈಗಲೂ ಲೆಕ್ಕಕ್ಕೆ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಆದರೆ 1905ರಲ್ಲಿ ಸುಮಾರು 15,500 ಎಕರೆಯಷ್ಟಿದ್ದ ಅವುಗಳ ವಿಸ್ತಾರ 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಒತ್ತುವರಿ, ಕಾಫಿ ತೋಟ ಎರಡೂ ಕಾರಣ. ಮರದ ಬುಡದ ದೇವರಿಗೆ ಕಾಂಕ್ರೀಟಿನ ಗುಡಿ ಕಟ್ಟುವ ಉತ್ಸಾಹವೂ ತನ್ನ ಪಾಲು ಸಲ್ಲಿಸಿದೆ.

ದೂರದ ಜಪಾನಿನಲ್ಲೂ ಇದೇ ಬಗೆಯ ಕಥೆ ನಡೆದಿದೆ. ಅಲ್ಲಿನ ಶಿಂಟೋ ಗುಡಿಗಳ ಸುತ್ತ ಕಾಡು ಬಿಡುವುದು ಹಳೆಯ ಪದ್ಧತಿ. ನಾರಾ ಪ್ರಾಂತ್ಯದ ಓಮಿವಾ ದೇವಾಲಯಕ್ಕೆ ಗರ್ಭಗುಡಿಯೇ ಇಲ್ಲ. ಹಿಂದಿನ ಮಿವಾ ಬೆಟ್ಟವೇ ದೇವರು. 1906ರಲ್ಲಿ ಸರ್ಕಾರ ಸಣ್ಣ ಗುಡಿಗಳನ್ನು ದೊಡ್ಡವುಗಳೊಡನೆ ವಿಲೀನಗೊಳಿಸಲು ಹೊರಟಿತು. ದೇವರನ್ನು ಸಾಗಿಸಿದ ಮೇಲೆ ಕಾಡಿಗೆ ದಿಕ್ಕಿಲ್ಲ. ಎಷ್ಟೋ ಕಡೆ ಮುದಿಮರಗಳು ಮಾರಾಟವಾದವು. ಮಿನಕತ ಕುಮಗುಸು ಎಂಬ ನಿಸರ್ಗತಜ್ಞ ಇದನ್ನು ವಿರೋಧಿಸಿ 1910ರಲ್ಲಿ ಕೆಲಕಾಲ ಸೆರೆಮನೆಯನ್ನೂ ಕಂಡ. ಗುಡಿ ಹೋದರೆ ಮರ, ಮರ ಹೋದರೆ ಹುಳು ಹಕ್ಕಿ, ಕೊನೆಗೆ ಊರಿನ ಒಗ್ಗಟ್ಟೂ ಹೋಗುತ್ತದೆಂಬುದು ಅವನ ವಾದ.

ಮುತ್ತತ್ತಿಯ ಸ್ಥಿತಿ ಇವೆರಡಕ್ಕಿಂತ ಬೇರೆ. ಇಲ್ಲಿ ಕಾಡನ್ನು ಕಾಯುವುದು ಕಾನೂನು. ಈ ಪ್ರದೇಶ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ದೇವರ ಕಟ್ಟುಪಾಡು ಮಾತ್ರ ಗುಡಿಯ ಹೊಸ್ತಿಲು ದಾಟಿ ಮರಗಳವರೆಗೆ ಬಂದಂತಿಲ್ಲ. ಗುಡಿಯೊಳಗೆ ಚಪ್ಪಲಿ ಮೆಟ್ಟದವರೇ ಹೊಳೆದಂಡೆಯಲ್ಲಿ ಪ್ಲಾಸ್ಟಿಕ್ ತಟ್ಟೆ, ಬಾಟಲಿ ಎಸೆಯಲು ಹಿಂಜರಿಯುವುದಿಲ್ಲ.

ನಂಬಿಕೆಗೆ ಆ ಶಕ್ತಿ ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಮದ್ದೂರು ತಾಲ್ಲೂಕಿನದೇ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದೆಂಬ ಮಾತಿಗೆ ಕಟ್ಟುಬಿದ್ದು ಜನ ಹಿಂದಿನಿಂದಲೂ ಅವನ್ನು ಕಾಯ್ದಿದ್ದಾರೆ. ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು 2007ರಲ್ಲಿ, ಎಷ್ಟೋ ತಡವಾಗಿ.

ಮುತ್ತತ್ತಿಗೆ ಹೋದವರು ಹೊಳೆಗಿಳಿಯುವ ಮುನ್ನ ಎಚ್ಚರ ವಹಿಸಬೇಕು. ನೀರು ಮೇಲೆ ಶಾಂತವಾಗಿ ಕಂಡರೂ ಸುಳಿಗೆ ಸಿಕ್ಕಿ ಸತ್ತವರು ಅನೇಕರು. ತಲೆಯೆತ್ತಿ ನೋಡುವುದನ್ನೂ ಮರೆಯಬಾರದು. ದಡದ ಹೊಳೆಮತ್ತಿ ಮರಗಳು ಬೂದು ಬಣ್ಣದ ದೊಡ್ಡ ಅಳಿಲಿನ ನೆಲೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ಕರ್ನಾಟಕದಲ್ಲಿ ಅದು ಮುಖ್ಯವಾಗಿ ಉಳಿದಿರುವುದು ಇದೇ ಕಾವೇರಿ ದಂಡೆಯ ಕಾಡಿನಲ್ಲಿ. ಹರಕೆಯ ಅಡುಗೆಗೆ ಒಲೆ ಹೂಡುವುದೂ ಅವೇ ಮರಗಳ ನೆರಳಿನಲ್ಲಿ.