ಹತ್ತು ಸುತ್ತು, ಹದಿನೆಂಟು ವರ್ಷ

1990ರ ಫೆಬ್ರುವರಿ. ಜೂಜಿಗೆ ಹೆಸರಾದ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಎಂದೂ ಇಲ್ಲದ ಪರಿಸ್ಥಿತಿ. ಹೆವಿವೇಟ್ ವಿಶ್ವ ಚಾಂಪಿಯನ್ ಮೈಕ್ ಟೈಸನ್ ಮತ್ತು ಜೇಮ್ಸ್ 'ಬಸ್ಟರ್' ಡಗ್ಲಸ್ ನಡುವಿನ ಪಂದ್ಯಕ್ಕೆ ಬಾಜಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಫಲಿತಾಂಶ ಮೊದಲೇ ಗೊತ್ತಿದ್ದ ಮೇಲೆ ಬಾಜಿ ಎಲ್ಲಿಂದ ಬಂತು? ಮಿರಾಜ್ ಎಂಬ ಒಂದು ಕ್ಯಾಸಿನೊ ಮಾತ್ರ ದರ ಪ್ರಕಟಿಸಿತು. ಡಗ್ಲಸ್ ಗೆದ್ದರೆ ಒಂದು ಡಾಲರಿಗೆ 42 ಡಾಲರ್!

ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಟೈಸನ್‌ಗೆ ಆಗ 23 ವರ್ಷ. ಆಡಿದ 37 ಪಂದ್ಯಗಳಲ್ಲೂ ಗೆದ್ದಿದ್ದ. ಅವುಗಳಲ್ಲಿ 33 ನಾಕೌಟ್ ಗೆಲುವುಗಳು. 1988ರಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡುಗಳಲ್ಲಿ ಮಲಗಿಸಿದ್ದ. ಅವನೆದುರು ನಿಲ್ಲುವವರು ಎಷ್ಟು ಹೊತ್ತು ನಿಂತಾರು ಎಂಬುದಷ್ಟೇ ಜನರಿಗಿದ್ದ ಕುತೂಹಲ.

ಡಗ್ಲಸ್ ಬರೀ ನಿಲ್ಲಲಿಲ್ಲ, ಗೆದ್ದ. ಕ್ರೀಡಾಲೋಕದ ಅತಿ ದೊಡ್ಡ ಅಚ್ಚರಿಗಳ ಪಟ್ಟಿ ಯಾರೇ ಮಾಡಲಿ, ಅದರಲ್ಲಿ ಈ ಪಂದ್ಯ ಇದ್ದೇ ಇರುತ್ತದೆ. ಆದರೆ ಅದರ ಹಿಂದಿನ ಮತ್ತು ಮುಂದಿನ ವರ್ಷಗಳ ಕಥೆ ಹೆಚ್ಚು ಜನರಿಗೆ ಗೊತ್ತಿಲ್ಲ. ವಿದ್ಯಾರ್ಥಿಗಳೂ ಅವರ ತಂದೆ ತಾಯಂದಿರೂ ತಿಳಿದಿರಬೇಕಾದ್ದು ಆ ಕಥೆಯನ್ನೇ.

ಆ ದಿನ ನಡೆದದ್ದು

ಪಂದ್ಯ ನಡೆದದ್ದು ಫೆಬ್ರುವರಿ 11ರಂದು, ಜಪಾನಿನ ಟೋಕಿಯೊ ಡೋಮ್‌ನಲ್ಲಿ. ಅಮೆರಿಕದ ಟಿವಿ ವೀಕ್ಷಕರಿಗೆ ಅದು ಶನಿವಾರದ ರಾತ್ರಿ. ಟೋಕಿಯೊದಲ್ಲಿ ಮಾತ್ರ ಹಾಡಹಗಲು.

ಡಗ್ಲಸ್ ಎತ್ತರದ ಆಳು. ಅವನ ತೋಳುಗಳ ಚಾಚು 83 ಅಂಗುಲ, ಟೈಸನ್‌ನದು 71. ಆ ಒಂದು ಅಡಿಯ ಅನುಕೂಲವನ್ನು ಡಗ್ಲಸ್ ಮೊದಲ ಸುತ್ತಿನಿಂದಲೇ ಬಳಸಿಕೊಂಡ. ಎಡಗೈಯ ನೇರ ಗುದ್ದುಗಳಿಂದ ಟೈಸನ್ ಹತ್ತಿರ ಬರದಂತೆ ತಡೆದ. ಹತ್ತಿರ ಬಂದರೆ ಅಪ್ಪಿ ಹಿಡಿದ, ಬಿಟ್ಟೊಡನೆ ಮತ್ತೆ ಗುದ್ದಿದ. ಸುತ್ತುಗಳು ಕಳೆದಂತೆ ಟೈಸನ್‌ನ ಎಡಗಣ್ಣು ಊದಿಕೊಂಡು ಮುಚ್ಚತೊಡಗಿತು.

ಎಂಟನೇ ಸುತ್ತು ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಟೈಸನ್‌ನ ಬಲಗೈ ಕೆಳಗಿನಿಂದ ಮೇಲಕ್ಕೆ ಚಿಮ್ಮಿತು. ಡಗ್ಲಸ್ ಬೆನ್ನಡಿಯಾಗಿ ಬಿದ್ದ. ಬಿದ್ದವನು ತನ್ನ ಮೇಲೆ ತಾನೇ ಸಿಟ್ಟುಗೊಂಡು ನೆಲವನ್ನು ಗುದ್ದಿದ! ರೆಫರಿ ಒಂಬತ್ತು ಎಣಿಸುವಷ್ಟರಲ್ಲಿ ಎದ್ದು ನಿಂತ. ಗಂಟೆ ಬಾರಿಸಿತು.

ಇನ್ನು ಮುಗಿಯಿತು ಎಂದುಕೊಂಡವರೇ ಎಲ್ಲ. ಆದರೆ ಒಂಬತ್ತನೇ ಸುತ್ತಿನಲ್ಲಿ ತತ್ತರಿಸಿದವನು ಟೈಸನ್. ಹತ್ತನೆಯದರಲ್ಲಿ ಡಗ್ಲಸ್‌ನ ಒಂದು ಅಪ್ಪರ್‌ಕಟ್ ಟೈಸನ್‌ನ ತಲೆಯನ್ನು ಹಿಂದಕ್ಕೆ ಎಸೆಯಿತು. ಬೆನ್ನಹಿಂದೆಯೇ ಇನ್ನಷ್ಟು ಗುದ್ದುಗಳು. ವೃತ್ತಿಜೀವನದಲ್ಲಿ ಮೊಟ್ಟಮೊದಲ ಬಾರಿಗೆ ಟೈಸನ್ ನೆಲ ಕಂಡ. ಮಂಡಿಯೂರಿ, ಬಿದ್ದುಹೋಗಿದ್ದ ಹಲ್ಲುಕವಚವನ್ನು ತಡಕಾಡಿ ಅದರ ಒಂದು ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಏಳಲು ಯತ್ನಿಸಿದ ಆ ದೃಶ್ಯವನ್ನು ನೋಡಿದವರು ಮರೆತಿರಲಾರರು.

ಎಂಟನೇ ಸುತ್ತಿನ ಎಣಿಕೆ ನಿಧಾನವಾಯಿತೆಂದು ಪ್ರವರ್ತಕ ಡಾನ್ ಕಿಂಗ್ ತಕರಾರು ತೆಗೆದ. ವಿಶ್ವ ಸಂಸ್ಥೆಗಳೆರಡು ಫಲಿತಾಂಶ ತಡೆಹಿಡಿದವು. ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಡಗ್ಲಸ್‌ನನ್ನು ಚಾಂಪಿಯನ್ ಎಂದು ಒಪ್ಪಿಕೊಂಡವು.

ಅದಕ್ಕೆ ಮೊದಲು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನೋಣವೇ? ಟೈಸನ್‌ನ ತಯಾರಿ ಸಡಿಲವಾಗಿತ್ತು ಎಂಬುದು ನಿಜ. ಅದನ್ನು ಮುಂದೆ ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಡಗ್ಲಸ್‌ನ ಹಿಂದಿನ ದಾಖಲೆ ನೋಡಿದರೆ ಅವನೇನೂ ಬೀದಿಯಿಂದ ಎದ್ದುಬಂದವನಲ್ಲ.

ಡಗ್ಲಸ್ ಹುಟ್ಟಿದ್ದು 1960ರಲ್ಲಿ, ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ತಂದೆ ಬಿಲ್ಲಿ ಡಗ್ಲಸ್ ಮಿಡಲ್‌ವೇಟ್ ಬಾಕ್ಸರ್. 'ಡೈನಮೈಟ್' ಎಂದೇ ಖ್ಯಾತರು. ಮಗನಿಗೆ ಬಾಕ್ಸಿಂಗ್ ಬಂದದ್ದು ಮನೆಯಿಂದ. ಆದರೆ ಅವನು ಒಲಿದದ್ದು ಬ್ಯಾಸ್ಕೆಟ್‌ಬಾಲ್‌ಗೆ. ಕಾಲೇಜಿನಲ್ಲೂ ಅದನ್ನೇ ಆಡಿದ. 1981ರಲ್ಲಿ ವೃತ್ತಿಪರ ಬಾಕ್ಸರ್ ಆದ. ತಂದೆಯಲ್ಲಿದ್ದ ಕಿಚ್ಚು ಮಗನಲ್ಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

ಟೋಕಿಯೊಗೆ ಹೋಗುವ ಹೊತ್ತಿಗೆ 29 ಗೆಲುವು, 4 ಸೋಲು, ಒಂದು ಡ್ರಾ. ಮಾಜಿ ಚಾಂಪಿಯನ್ನರಾದ ಗ್ರೆಗ್ ಪೇಜ್ ಮತ್ತು ಟ್ರೆವರ್ ಬರ್ಬಿಕ್ ಅವನೆದುರು ಸೋತಿದ್ದರು. ಮುಂದೆ 1994ರಲ್ಲಿ ವಿಶ್ವ ಚಾಂಪಿಯನ್ ಆದ ಆಲಿವರ್ ಮೆಕಾಲ್‌ನನ್ನೂ 1989ರಲ್ಲಿ ಸೋಲಿಸಿದ್ದ. ಆದರೆ ಸೋತ ಪಂದ್ಯಗಳು ಬೇರೆಯೇ ಕಥೆ ಹೇಳುತ್ತಿದ್ದವು. 1983ರಲ್ಲಿ ಮೈಕ್ ವೈಟ್ ಎದುರು ಒಂಬತ್ತನೇ ಸುತ್ತಿನಲ್ಲಿ ಕುಸಿದ. 1987ರಲ್ಲಿ ಟೋನಿ ಟಕರ್ ಎದುರು ವಿಶ್ವ ಪ್ರಶಸ್ತಿಗಾಗಿಯೇ ಆಡಿದ. ಚೆನ್ನಾಗಿ ಆಡುತ್ತಾ ಹೋದವನು ಹತ್ತನೇ ಸುತ್ತಿನಲ್ಲಿ ಕೈಚೆಲ್ಲಿದ. ಕೈಯಲ್ಲಿ ಕಸುಬಿದೆ, ಎದೆಯಲ್ಲಿ ಛಲವಿಲ್ಲ ಎಂಬ ಹಣೆಪಟ್ಟಿ ಅಂಟಿಕೊಂಡಿತು.

ಟಕರ್ ಎದುರು ಸೋತ ಅದೇ ಹತ್ತನೇ ಸುತ್ತಿನಲ್ಲಿ ಮೂರು ವರ್ಷಗಳ ನಂತರ ಟೈಸನ್‌ನನ್ನು ಗೆದ್ದ. ನಡುವೆ ಆದದ್ದೇನು?

ತಾಯಿ ಲೂಲಾ ಪರ್ಲ್ ತಮ್ಮ ಮಗ ಟೈಸನ್‌ನನ್ನು ಸೋಲಿಸುತ್ತಾನೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದರು. ಪಂದ್ಯಕ್ಕೆ 23 ದಿನ ಮುಂಚೆ ಅವರು ತೀರಿಕೊಂಡರು. ಪಂದ್ಯ ಮುಂದಕ್ಕೆ ಹಾಕಿಸಿಕೊಳ್ಳಲು ಡಗ್ಲಸ್ ಒಪ್ಪಲಿಲ್ಲ. ಗೆದ್ದ ಮೇಲೆ ಟಿವಿಯವರು ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದಾಗ ಅವನ ಬಾಯಲ್ಲಿ ಬಂದದ್ದು ತಾಯಿಯ ಹೆಸರು. ಮುಂದೆ ಮಾತು ಹೊರಡಲಿಲ್ಲ, ಅತ್ತುಬಿಟ್ಟ.

ಅದರ ನಂತರ

ಗೆದ್ದವನಿಗೆ ಮೊದಲು ಎದುರಾದದ್ದು ಕೋರ್ಟು. ಒಪ್ಪಂದದ ವಿಚಾರವಾಗಿ ಡಾನ್ ಕಿಂಗ್ ಜೊತೆ ತಿಂಗಳುಗಟ್ಟಲೆ ವ್ಯಾಜ್ಯ ನಡೆದು ಕೊನೆಗೆ ರಾಜಿಯಾಯಿತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಮಾತು ನಮ್ಮಲ್ಲಿದೆ. ಡಗ್ಲಸ್ ಅಲ್ಲಿ ಕಳೆದುಕೊಂಡದ್ದು ಅಭ್ಯಾಸದ ದಿನಗಳನ್ನು, ಮನಸ್ಸಿನ ನೆಮ್ಮದಿಯನ್ನು.

1990ರ ಅಕ್ಟೋಬರ್ 25ರಂದು ಇವಾಂಡರ್ ಹೋಲಿಫೀಲ್ಡ್ ಎದುರು ಪ್ರಶಸ್ತಿ ಉಳಿಸಿಕೊಳ್ಳುವ ಪಂದ್ಯ. ಸ್ಥಳ, ಲಾಸ್ ವೇಗಸ್‌ನ ಅದೇ ಮಿರಾಜ್! ಟೋಕಿಯೊದಲ್ಲಿ ಡಗ್ಲಸ್ ಸುಮಾರು 105 ಕಿಲೋ ತೂಗಿದ್ದ. ಇಲ್ಲಿ ತೂಕದ ಮುಳ್ಳು 111 ಕಿಲೋ ದಾಟಿತು. ಮೂರನೇ ಸುತ್ತಿನಲ್ಲಿ ಗುರಿತಪ್ಪಿದ ಒಂದು ಅಪ್ಪರ್‌ಕಟ್‌ಗೆ ಉತ್ತರವಾಗಿ ಹೋಲಿಫೀಲ್ಡ್‌ನ ಬಲಗೈ ಬಿತ್ತು. ಟೋಕಿಯೊದಲ್ಲಿ ನೆಲ ಗುದ್ದಿ ಎದ್ದವನು ಇಲ್ಲಿ ಎಣಿಕೆ ಮುಗಿಯುವವರೆಗೂ ಮಲಗಿಯೇ ಇದ್ದ. ಸಂಭಾವನೆ ಸುಮಾರು 2 ಕೋಟಿ 40 ಲಕ್ಷ ಡಾಲರ್. ಪಟ್ಟ ಉಳಿದದ್ದು ಎಂಟೂವರೆ ತಿಂಗಳು.

ಆಮೇಲೆ ಆಟ ಬಿಟ್ಟ. ಹಣವಿತ್ತು, ಕೆಲಸವಿರಲಿಲ್ಲ. ತೂಕ 180 ಕಿಲೋ ಹತ್ತಿರಕ್ಕೆ ಹೋಯಿತು. 1994ರಲ್ಲಿ ಮಧುಮೇಹದಿಂದ ಪ್ರಜ್ಞೆ ತಪ್ಪಿ ಸಾವಿನ ಬಾಗಿಲಿಗೆ ಹೋಗಿ ಬಂದ. ಬದುಕುವುದಕ್ಕಾಗಿಯೇ ಮತ್ತೆ ವ್ಯಾಯಾಮಕ್ಕೆ ಇಳಿದು, ತೂಕ ಇಳಿಸಿ, 1996ರಲ್ಲಿ ರಿಂಗಿಗೆ ಮರಳಿದ. ಕೆಲವು ಸಣ್ಣ ಪಂದ್ಯಗಳನ್ನು ಗೆದ್ದ. 1998ರಲ್ಲಿ ಲೂ ಸವರೀಸ್ ಎದುರು ಮೊದಲ ಸುತ್ತಿನಲ್ಲೇ ಸೋತ. 1999ರಲ್ಲಿ ಕೊನೆಯ ಪಂದ್ಯ. ಒಟ್ಟು ಲೆಕ್ಕ: 38 ಗೆಲುವು, 6 ಸೋಲು, ಒಂದು ಡ್ರಾ. ಮುಂದೆ ಕೊಲಂಬಸ್‌ನಲ್ಲಿ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಟ್ಟ.

ಯಾವುದು ನಿಜವಾದ ಡಗ್ಲಸ್?

ಟೋಕಿಯೊದ ಡಗ್ಲಸ್ ನಿಜವೋ, ಮಿರಾಜ್‌ನ ಡಗ್ಲಸ್ ನಿಜವೋ? ಇಬ್ಬರೂ ನಿಜ. ಉದ್ದ ತೋಳು, ಎಡಗೈಯ ಗುದ್ದು, ಚುರುಕು ಪಾದಗಳು ಹದಿನೆಂಟು ವರ್ಷವೂ ಅವನಲ್ಲೇ ಇದ್ದವು. ತಾಯಿಯನ್ನು ಕಳೆದುಕೊಂಡ ದುಃಖ ಅವನ್ನೆಲ್ಲ ಒಂದು ದಿನ ಒಟ್ಟುಗೂಡಿಸಿತು. ಆದರೆ ದುಃಖವಾಗಲಿ, ರೋಷವಾಗಲಿ ವರ್ಷವಿಡೀ ಬೆಳಿಗ್ಗೆ ಎಬ್ಬಿಸಿ ಓಡಿಸಲಾರವು. ಆ ಕೆಲಸ ದಿನನಿತ್ಯದ ಅಭ್ಯಾಸದ್ದು. ಅದು ಅವನಿಗೆ ಕೈಹಿಡಿಯಲಿಲ್ಲ.

ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲಿಗನಾದ ಹುಡುಗ ಪಿಯುಸಿಯಲ್ಲಿ ಹಿಂದೆ ಬಿದ್ದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಆವತ್ತು ಬಂತಲ್ಲ, ಈಗೇನಾಯಿತು?" ಡಗ್ಲಸ್‌ನನ್ನೂ ಜೀವನವಿಡೀ ಇದೇ ಪ್ರಶ್ನೆ ಬೆನ್ನಟ್ಟಿತು. ಅದು ಕೇಳಬಾರದ ಪ್ರಶ್ನೆಯಲ್ಲ. ಆದರೆ ಕೇಳುವ ಧಾಟಿ ಮುಖ್ಯ. ಹಂಗಿಸಲು ಕೇಳಿದರೆ ಹಳೆಯ ಗೆಲುವೇ ಮಗುವಿಗೆ ಹೊರೆಯಾಗುತ್ತದೆ. ಆ ವರ್ಷ ಯಾವ ಹೊತ್ತಿಗೆ ಓದುತ್ತಿದ್ದ, ಯಾರು ಜೊತೆಗಿದ್ದರು, ಮನಸ್ಸು ಹೇಗಿತ್ತು ಎಂದು ಪಕ್ಕದಲ್ಲಿ ಕುಳಿತು ಹುಡುಕಿದರೆ ಅದೇ ಗೆಲುವಿನಿಂದ ಕಲಿಯುವುದು ಬಹಳವಿದೆ.

ಒಂದೇ ಸಲ ಗೆದ್ದವನೆಂದು ಡಗ್ಲಸ್‌ನನ್ನು ಕಡೆಗಣಿಸುವುದೂ ಬೇಡ. ಅಂದು ವೃತ್ತಿಪರ ಬಾಕ್ಸಿಂಗ್‌ನಲ್ಲಿ ಟೈಸನ್ ಎದುರು ಒಂದು ಸಲ ಗೆದ್ದವರು ಜಗತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ.