ಇಲಿಗೆ ನಿಂತ ಫಿಟ್ಸು ಮಗನಿಗೂ ನಿಲ್ಲುತ್ತದೆಯೇ?

ಬದುವಿನ ಮೇಲಿನ ವಿಷ್ಣುಕ್ರಾಂತಿ, ಬಚ್ಚಲು ನೀರಿನ ಒಂದೆಲಗ ನಮಗೆ ಹೊಸವಲ್ಲ. ಬೆಂಗಳೂರಿನ ಗಾಂಧಿಬಜಾರು, ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿಗಳಲ್ಲಿ ಇಂಥವು ಒಣಗಿಸಿ ಮಾರಾಟವಾಗುತ್ತವೆ. "ಮೂರ್ಛೆರೋಗಕ್ಕೆ ಒಳ್ಳೇದು, ಲ್ಯಾಬಿನಲ್ಲಿ ಪರೀಕ್ಷೆ ಆಗಿದೆ" ಅನ್ನುವ ಮಾತೂ ಜೊತೆಗೆ ಬರುತ್ತದೆ. ಈ ಮಾತು ನಂಬಿ ನಮ್ಮ ಪಕ್ಕದೂರಿನವರೊಬ್ಬರು ಮಗನ ಮಾತ್ರೆ ನಿಲ್ಲಿಸಿ ಸೊಪ್ಪಿನ ರಸ ಕುಡಿಸಿದರು. ಹದಿನೈದು ದಿನದೊಳಗೆ ಹುಡುಗ ಬಾವಿಕಟ್ಟೆ ಹತ್ತಿರ ಫಿಟ್ಸು ಬಂದು ಬಿದ್ದ. ಪುಣ್ಯಕ್ಕೆ ಬಾವಿಯೊಳಗೆ ಬೀಳಲಿಲ್ಲ.

ಹಾಗಾದರೆ ಆ ಪರೀಕ್ಷೆ ಸುಳ್ಳೇ? ಸುಳ್ಳಲ್ಲ. ಆದರೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ನಾವು ತಿಳೀಬೇಕು. ಬಸವನಗುಡಿಯಲ್ಲಿದ್ದುಕೊಂಡು ಎಂ.ಫಾರ್ಮ ಓದಿದ ನೆಂಟರ ಹುಡುಗಿಯಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಇಲಿಯ ಮೇಲೆ ಏನು ಮಾಡ್ತಾರೆ?

ಮೊದಲು ಗಿಡ ಯಾವುದು ಅಂತ ಸಸ್ಯಶಾಸ್ತ್ರ ಬಲ್ಲವರಿಂದ ಖಾತ್ರಿ ಮಾಡಿಸುತ್ತಾರೆ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲೋ ನೀರಿನಲ್ಲೋ ಸತ್ವ ಇಳಿಸುತ್ತಾರೆ. ದ್ರವ ಆರಿಸಿದರೆ ಅಂಟಿನಂಥ ಸಾರ ಉಳಿಯುತ್ತದೆ. ಪ್ರಾಣಿಗಳ ಮೇಲೆ ನೋಡಲು ಸಂಸ್ಥೆಯ ನೈತಿಕ ಸಮಿತಿ ಒಪ್ಪಬೇಕು. ಸಾರ ವಿಷವೋ ಅಲ್ಲವೋ ಅಂತ ಮೊದಲೇ ನೋಡಿಕೊಳ್ಳುತ್ತಾರೆ.

ಆಮೇಲೆ ಇಲಿಗಳನ್ನು ಸಾಮಾನ್ಯವಾಗಿ 6-6ರ ಗುಂಪು ಮಾಡುತ್ತಾರೆ. ಹೊಸ ಗೊಬ್ಬರ ನೋಡುವಾಗ ನಾವು ಒಂದು ಸಾಲಿಗೆ ಏನೂ ಹಾಕದೆ ಬಿಡುವುದಿಲ್ಲವೇ? ಹಾಗೆಯೇ ಒಂದು ಗುಂಪಿಗೆ ಸಾರ ಇಲ್ಲ, ಅದನ್ನು ಕರಗಿಸುವ ದ್ರವ ಮಾತ್ರ. ಇನ್ನೊಂದಕ್ಕೆ ಆಸ್ಪತ್ರೆಯ ಔಷಧಿ. ಉಳಿದವಕ್ಕೆ ಬೇರೆ ಬೇರೆ ಪ್ರಮಾಣದ ಸಾರ. ನಂತರ ಕಿವಿಗೆ ಕ್ಲಿಪ್ಪು ಹಾಕಿ, ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಕರೆಂಟು ಹಾಯಿಸುತ್ತಾರೆ. ಇಲಿಗೆ ಫಿಟ್ಸು ಬರುತ್ತದೆ. ಹಿಂಗಾಲು ಎಷ್ಟು ಸೆಕೆಂಡು ಸೆಟೆಯಿತು ಅಂತ ಅಳೆಯುತ್ತಾರೆ. ಇನ್ನೊಂದು ವಿಧಾನದಲ್ಲಿ ಪಿ.ಟಿ.ಝಡ್. ಎಂಬ ರಾಸಾಯನಿಕ ಚುಚ್ಚಿ ಫಿಟ್ಸು ಬರಿಸುತ್ತಾರೆ.

ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲಬಹುದು. ಫೆನಿಟಾಯಿನ್ ಮಾತ್ರೆಯ ಔಷಧಿಯೇ ಕರೆಂಟಿನ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಪಿ.ಟಿ.ಝಡ್. ಪರೀಕ್ಷೆಯಲ್ಲಿ ಸೋಲುತ್ತದೆ. ಫಿಟ್ಸಿನಲ್ಲೂ ಹಲವು ಬಗೆ ಇವೆ.

ಖಾಲಿ ಸಾಲಿನ ಬೆಲೆ

ಬರೀ ದ್ರವದ ಗುಂಪು ಯಾಕೆ ಬೇಕು? 1962ರ ಸುಮಾರಿಗೆ ಫ್ರಾನ್ಸಿನಲ್ಲಿ ಕೆಲವು ವಸ್ತುಗಳನ್ನು ವಾಲ್‌ಪ್ರೋಯಿಕ್ ಆಮ್ಲದಲ್ಲಿ ಕರಗಿಸಿ ನೋಡಿದರು. ಎಲ್ಲವೂ ಫಿಟ್ಸು ತಡೆದವು. ಕೊನೆಗೆ ನೋಡಿದರೆ ತಡೆದದ್ದು ಆ ಆಮ್ಲವೇ! ಇವತ್ತಿನ ವಾಲ್‌ಪ್ರೋಯೇಟ್ ಮಾತ್ರೆ ಹಾಗೆ ಬಂತು.

ಸೊಪ್ಪಿನ ಲೆಕ್ಕ

ಇಲಿಗೆ ಮೈತೂಕದ ಕಿಲೋಗೆ 400 ಮಿಲಿಗ್ರಾಂ ಸಾರ ಕೊಟ್ಟರು ಅನ್ನಿ. ಮನುಷ್ಯನಿಗೆ ಇಳಿಸುವಾಗ ಅದನ್ನು ಸುಮಾರು 6ರಿಂದ ಭಾಗಿಸುತ್ತಾರೆ. 60 ಕಿಲೋ ತೂಕದವನಿಗೆ ಸುಮಾರು 4 ಗ್ರಾಂ ಸಾರ ಆಯಿತು. 100 ಗ್ರಾಂ ಒಣಪುಡಿಯಿಂದ 10 ಗ್ರಾಂ ಸಾರ ಬರುತ್ತದೆ ಅಂತಿಟ್ಟುಕೊಂಡರೆ, ಒಂದು ಸಲಕ್ಕೇ 40 ಗ್ರಾಂ ಒಣಪುಡಿ ಬೇಕು. ಒಂದು ಚಮಚ ಹಸಿರಸ ಎಲ್ಲಿ, ಇದೆಲ್ಲಿ? ಅಲ್ಲದೆ ಸ್ಪಿರಿಟ್ಟಿನಲ್ಲಿ ಇಳಿದ ಸತ್ವ ನೀರಿನಲ್ಲಿ ಇಳಿಯದೇ ಇರಬಹುದು.

ಹೆಸರಿನ ಗೊಂದಲ ಬೇರೆ. ಬ್ರಾಹ್ಮಿ ಅಂತ ಒಂದೆಲಗವನ್ನೂ ಕರೀತಾರೆ, ನೀರುಬ್ರಾಹ್ಮಿಯನ್ನೂ ಕರೀತಾರೆ. ಶಂಖಪುಷ್ಪಿ ಅಂದರೆ ಕೆಲವರಿಗೆ ವಿಷ್ಣುಕ್ರಾಂತಿ, ಕೆಲವರಿಗೆ ಬೇಲಿಯ ನೀಲಿ ಹೂವಿನ ಬಳ್ಳಿ. ಪರೀಕ್ಷೆ ಆದ ಗಿಡವೇ ನಮ್ಮ ಕೈಯಲ್ಲಿದೆ ಅಂತ ಹೇಗೆ ಹೇಳುವುದು?

ಗಿಡದಿಂದ ಔಷಧಿ ಆಗುವುದೇ ಇಲ್ಲ ಅಂತಲ್ಲ. ಗಾಂಜಾ ಗಿಡದಿಂದ ಬೇರ್ಪಡಿಸಿದ ಕ್ಯಾನಬಿಡಿಯಾಲ್ ಅನ್ನು ಮಕ್ಕಳಲ್ಲಿ ಶುರುವಾಗುವ ಎರಡು ಅಪರೂಪದ ಫಿಟ್ಸ್ ಕಾಯಿಲೆಗಳಿಗೆ ಅಮೆರಿಕ 2018ರಲ್ಲಿ ಒಪ್ಪಿತು. ಅದೂ ರೋಗಿಗಳ ಮೇಲೆಯೇ, ಔಷಧಿ ಇಲ್ಲದ ಸಪ್ಪೆ ದ್ರವದ ಜೊತೆ ಹೋಲಿಸಿ ನೋಡಿದ ಮೇಲೆ. ಆಗಲೂ ಆ ರೋಗಿಗಳ ಹಳೇ ಮಾತ್ರೆ ನಿಲ್ಲಿಸಿರಲಿಲ್ಲ.

ನಾವು ನೆನಪಿಡಬೇಕಾದ್ದು

ಮಾತ್ರೆಯನ್ನು ತಟಕ್ಕನೆ ನಿಲ್ಲಿಸಿದರೆ ಫಿಟ್ಸು ಬಿಡದೆ ಬಂದು ಜೀವಕ್ಕೇ ಅಪಾಯ. ಸೊಪ್ಪು ಕೊಡುವುದಿದ್ದರೂ ಡಾಕ್ಟರಿಗೆ ತಿಳಿಸಿಯೇ ಕೊಡಿ. ಫಿಟ್ಸು 5 ನಿಮಿಷ ದಾಟಿದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

"ಫಿಟ್ಸಿಗೆ ಔಷಧಿ, ಬೆಳೆಯಿರಿ" ಅಂತ ಯಾರಾದರೂ ಬಂದರೆ ನಾಲ್ಕು ಪ್ರಶ್ನೆ ಕೇಳಿ: ಯಾವ ಗಿಡ? ಯಾವ ಭಾಗ? ಪರೀಕ್ಷೆ ಇಲಿಯ ಮೇಲೋ, ಮನುಷ್ಯರ ಮೇಲೋ? ಕೊಳ್ಳುವವರು ಯಾರು? ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಉಳುಮೆಯ ಮಾತು.